ಏರಿನಲ್ಲಿ ನಿಂತುಬಿಡುವ ಬ್ಯಾಟರಿ ಗಾರ್ಡನ್ ಟ್ರ್ಯಾಕ್ಟರ್: ದೋಷ ಹುಡುಕುವುದು ಎಲ್ಲಿಂದ?

ಮುಳಶಿಯಿಂದ ಪ್ರಶ್ನೆ

ಪುಣೆ ಜಿಲ್ಲೆಯ ಮುಳಶಿ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಮಾವಿನ ತೋಟವಿದೆ. ಸಾಲುಗಳ ನಡುವಿನ ಹುಲ್ಲು ಕತ್ತರಿಸುವುದಕ್ಕೂ ಗೊಬ್ಬರದ ಟ್ರಾಲಿ ಎಳೆಯುವುದಕ್ಕೂ ಬ್ಯಾಟರಿಯಿಂದ ನಡೆಯುವ ಗಾರ್ಡನ್ ಟ್ರ್ಯಾಕ್ಟರ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇವೆ. 8 ವೋಲ್ಟಿನ ಆರು ಲೆಡ್ ಆಸಿಡ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 48 ವೋಲ್ಟ್ ಮಾಡಲಾಗಿದೆ; ಮೋಟಾರು ಕಾರ್ಬನ್ ಬ್ರಷ್ ಇರುವ ಡಿಸಿ ಮೋಟಾರು. ಸಮತಟ್ಟಾದ ಜಾಗದಲ್ಲಿ ಚೆನ್ನಾಗಿಯೇ ಓಡುತ್ತದೆ. ಬ್ಲೇಡ್ ಹಾಕಿಕೊಂಡು ಏರು ಹತ್ತಿಸಿದರೆ ಸ್ವಲ್ಪ ಹೊತ್ತಿನಲ್ಲಿ ಶಕ್ತಿ ಕುಗ್ಗಿ ನಿಂತುಬಿಡುತ್ತದೆ, ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಮತ್ತೆ ಹೊರಡುತ್ತದೆ. ಇದಲ್ಲದೆ ಕೆಲವು ಬೆಳಿಗ್ಗೆ ಕೀ ತಿರುಗಿಸಿದರೂ ಕಾಂಟ್ಯಾಕ್ಟರಿನ (ಮೋಟಾರಿನ ದೊಡ್ಡ ಕರೆಂಟನ್ನು ಕೂಡಿಸಿ ಕಡಿಯುವ ವಿದ್ಯುತ್ಕಾಂತದ ಸ್ವಿಚ್) ಟಕ್ ಎಂಬ ಶಬ್ದವೇ ಬರುವುದಿಲ್ಲ. ನಿಂತಿರುವಾಗ ಮೀಟರು 50.6 ವೋಲ್ಟ್ ತೋರಿಸುತ್ತದೆ. ಬ್ಯಾಟರಿ ಅಂಗಡಿಯವರು ಆರೂ ಬ್ಯಾಟರಿಗಳನ್ನು ಬದಲಿಸಿ ಎನ್ನುತ್ತಾರೆ. ಮೆಕ್ಯಾನಿಕ್, ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಎಲೆಕ್ಟ್ರಾನಿಕ್ ಕಂಟ್ರೋಲರ್ ಹೋಗಿದೆ ಎನ್ನುತ್ತಾರೆ. ಎರಡೂ ದೊಡ್ಡ ಖರ್ಚಿನ ಮಾತು. ಖರ್ಚು ಮಾಡುವ ಮುನ್ನ ನಾವೇ ಏನೇನು ಪರೀಕ್ಷಿಸಬಹುದೆಂದು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಚಾಕಣದಿಂದ, ಫೋರ್ಕ್‌ಲಿಫ್ಟ್ ದುರಸ್ತಿ ಮಾಡುವವರು

ನೀವು ಹೇಳಿದ್ದು ಒಂದು ಕಾಯಿಲೆಯಲ್ಲ, ಎರಡು. ಏರಿನಲ್ಲಿ ನಿಲ್ಲುವುದು ಬ್ಯಾಟರಿ, ಫ್ಯೂಸ್, ಕಾಂಟ್ಯಾಕ್ಟರ್, ಕಂಟ್ರೋಲರ್, ಮೋಟಾರು ಇವುಗಳ ದಪ್ಪ ತಂತಿಯ ದಾರಿಗೆ ಸೇರಿದ್ದು; ಟಕ್ ಶಬ್ದ ಬಾರದಿರುವುದು ಕೀ, ಸೀಟ್ ಸ್ವಿಚ್, ಬ್ರೇಕ್ ಸ್ವಿಚ್ ಇವುಗಳ ಸಣ್ಣ ತಂತಿಯ ದಾರಿಗೆ ಸೇರಿದ್ದು. ಇವೆರಡನ್ನೂ ಒಂದೇ ದೋಷದ ಲಕ್ಷಣಗಳೆಂದು ಭಾವಿಸಿ ಹುಡುಕಲು ಹೊರಟರೆ ಕೊನೆಗೆ ಎಲ್ಲವನ್ನೂ ಬದಲಿಸಬೇಕಾದ ಪರಿಸ್ಥಿತಿ ಬರುತ್ತದೆ. ನಾನು ದಪ್ಪ ತಂತಿಯ ದಾರಿಯ ಬಗ್ಗೆ ಮಾತ್ರ ಬರೆಯುತ್ತೇನೆ.

ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ ಎಂಬ ಮಾತಿಗೆ ಮುಖ್ಯವಾಗಿ ಮೂರು ಕಾರಣಗಳಿರಬಹುದು. ದುರ್ಬಲವಾದ ಒಂದು ಬ್ಯಾಟರಿ ಲೋಡಿನಲ್ಲಿ ಕುಸಿದು, ವಿಶ್ರಾಂತಿಯಲ್ಲಿ ತನ್ನ ವೋಲ್ಟೇಜನ್ನು ಮರಳಿ ಪಡೆಯುತ್ತಿರಬಹುದು. ಕಂಟ್ರೋಲರ್ ಬಿಸಿಯಾಗಿ ತನ್ನನ್ನು ಕಾಪಾಡಿಕೊಳ್ಳಲು ಕರೆಂಟನ್ನು ತಗ್ಗಿಸುತ್ತಿರಬಹುದು. ಇಲ್ಲವೇ ಎಲ್ಲೋ ಒಂದು ಜೋಡಣೆ ಸಡಿಲವಾಗಿ ಅಥವಾ ತುಕ್ಕು ಹಿಡಿದು, ಬಿಸಿಯೇರಿದಷ್ಟೂ ಹೆಚ್ಚು ವೋಲ್ಟೇಜನ್ನು ತಾನೇ ನುಂಗುತ್ತಿರಬಹುದು. ಚಾಲಕನ ಸೀಟಿನಿಂದ ನೋಡಿದರೆ ಮೂರೂ ಒಂದೇ ತೆರನಾಗಿ ಕಾಣುತ್ತವೆ. ಇವುಗಳನ್ನು ಬೇರ್ಪಡಿಸಬಲ್ಲದ್ದು ಟ್ರ್ಯಾಕ್ಟರು ಸೋಲುತ್ತಿರುವ ಆ ಕ್ಷಣದಲ್ಲಿ ತೆಗೆದ ಅಳತೆ ಮಾತ್ರ. ನಿಂತಿರುವಾಗ ಸಿಕ್ಕ 50.6 ವೋಲ್ಟ್ ಬ್ಯಾಟರಿ ಬಹುಮಟ್ಟಿಗೆ ಚಾರ್ಜ್ ಆಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅದು 100 ಆಂಪಿಯರ್ ಕೊಡಬಲ್ಲದೇ ಎಂಬುದನ್ನು ಹೇಳುವುದಿಲ್ಲ. ಅಂಗಡಿಯವರೂ ಮೆಕ್ಯಾನಿಕ್ಕೂ ನಿಂತ ಗಾಡಿಯನ್ನೇ ಅಳೆದಿದ್ದರೆ ಇಬ್ಬರ ಮಾತೂ ಊಹೆಯೇ.

ಅಳತೆಗೆ ಮೊದಲು ಕೈಯಲ್ಲಿರುವ ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. 48 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲವೆಂದು ಧೈರ್ಯ ತಾಳುವವರಿದ್ದಾರೆ. ಆದರೆ ಎರಡು ಟರ್ಮಿನಲ್‌ಗಳ ಮೇಲೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಅದು ಕೆಂಪಗೆ ಕಾಯುತ್ತದೆ, ಚಾರ್ಜಿಂಗ್ ಮುಗಿದ ಹೊತ್ತಿನಲ್ಲಾದರೆ ಬ್ಯಾಟರಿಯ ಮೇಲಿನ ಹೈಡ್ರೋಜನ್‌ಗೆ ಆ ಕಿಡಿಯೇ ಸಾಕು.

ಮೀಟರಿನ ಎರಡೂ ವೈರುಗಳಿಗೆ ಉದ್ದನೆಯ ತಂತಿ ಸೇರಿಸಿ, ಪ್ರತಿ ತಂತಿಯ ಬ್ಯಾಟರಿ ಕಡೆಯ ತುದಿಯಲ್ಲಿ ಒಂದು ಚಿಕ್ಕ ಫ್ಯೂಸ್ ಹಾಕಿ, ಮೀಟರನ್ನು ಸ್ಟೇರಿಂಗಿನ ಹತ್ತಿರ ಕಾಣುವಂತೆ ಕಟ್ಟಿ. ಮೊದಲ ಸಲ ಬ್ಯಾಟರಿ ಸಾಲಿನ ಎರಡು ಕೊನೆಯ ಟರ್ಮಿನಲ್‌ಗಳ ನಡುವೆ ಅಳೆಯುತ್ತಾ ಅದೇ ಏರನ್ನು ಹತ್ತಿಸಿ. ಎರಡನೆಯ ಸಲ ಕಂಟ್ರೋಲರಿಗೆ ಒಳಬರುವ ಎರಡು ಬೋಲ್ಟುಗಳ ನಡುವೆ ಅಳೆಯಿರಿ. ನಿಲ್ಲುವ ಕ್ಷಣದಲ್ಲಿ ಬ್ಯಾಟರಿಯಲ್ಲೇ ವೋಲ್ಟೇಜ್ 42ರ ಸುಮಾರಿಗೆ, ಅಂದರೆ ಸೆಲ್ಲೊಂದಕ್ಕೆ 1.75ಕ್ಕೆ ಇಳಿದಿದ್ದರೆ ದೋಷ ಬ್ಯಾಟರಿಯಲ್ಲಿದೆ. ಬ್ಯಾಟರಿಯಲ್ಲಿ 46 ಇದ್ದು ಕಂಟ್ರೋಲರಿನಲ್ಲಿ 42 ಇದ್ದರೆ ದೋಷ ನಡುವಿನ ದಾರಿಯಲ್ಲಿದೆ. ಎರಡೂ ಕಡೆ 46 ಇದ್ದು ಗಾಡಿ ನಿಂತರೆ ಮಾತ್ರ ಕಂಟ್ರೋಲರನ್ನೋ ಮೋಟಾರನ್ನೋ ಸಂಶಯಿಸಬೇಕು.

ನಡುವಿನ ದಾರಿಯೆಂದು ತಿಳಿದ ಮೇಲೆ ಮೀಟರಿನ ಒಂದು ಕಡ್ಡಿಯನ್ನು ಜೋಡಣೆಯ ಈಚೆ, ಇನ್ನೊಂದನ್ನು ಆಚೆ ಇಟ್ಟು ಲೋಡಿನಲ್ಲಿ ಅಳೆಯುತ್ತಾ ಬನ್ನಿ. ಬ್ಯಾಟರಿಯ ಸೀಸದ ಕಂಬದಿಂದ ತಂತಿಯ ತುದಿಯ ಲೋಹದ ಬಳೆಯಾದ ಲಗ್‌ಗೆ, ಲಗ್‌ನಿಂದ ತಂತಿಗೆ, ಫ್ಯೂಸಿನ ಎರಡು ತುದಿಗೆ, ಕಾಂಟ್ಯಾಕ್ಟರಿನ ಎರಡು ಬೋಲ್ಟಿಗೆ, ಹೀಗೆ. ಒಳ್ಳೆಯ ಜೋಡಣೆಯಲ್ಲಿ ಕೆಲವು ಮಿಲಿವೋಲ್ಟ್ ಅಷ್ಟೇ ಕಾಣಬೇಕು. ಒಂದು ಮಿಲಿಓಮ್ ಎಂದರೆ ಲೆಕ್ಕಕ್ಕೇ ಇಲ್ಲದ ರೋಧವೆಂದು ತೋರುತ್ತದೆ, ಸಾಮಾನ್ಯ ಮೀಟರಿನ ಓಮ್ ಸ್ಕೇಲಿನಲ್ಲಿ ಅದು ಕಾಣುವುದೂ ಇಲ್ಲ; ಆದರೆ 100 ಆಂಪಿಯರಿನಲ್ಲಿ ಅದು 0.1 ವೋಲ್ಟ್ ತಿಂದು 10 ವ್ಯಾಟ್ ಶಾಖ ಕೊಡುತ್ತದೆ. ಅದೇ ಜೋಡಣೆ ಅರ್ಧ ವೋಲ್ಟ್ ತಿನ್ನುತ್ತಿದ್ದರೆ 50 ವ್ಯಾಟ್. ಎಂದರೆ ಆ ನಟ್ಟಿನ ಬುಡದಲ್ಲಿ ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಒಂದನ್ನು ಉರಿಸಿಟ್ಟ ಹಾಗೆ. ಆದ್ದರಿಂದಲೇ ಜೋಡಣೆಗಳನ್ನು ಓಮ್ ಸ್ಕೇಲಿನಲ್ಲಿ ಪರೀಕ್ಷಿಸಿ ಎಲ್ಲ ಸರಿಯಿದೆ ಎನ್ನುವವರ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬ್ಯಾಟರಿಗಳನ್ನೂ ಇದೇ ಲೋಡಿನಲ್ಲಿ ಒಂದೊಂದಾಗಿ ಅಳೆಯಬೇಕು. 8 ವೋಲ್ಟಿನ ಬ್ಯಾಟರಿಯಲ್ಲಿ ನಾಲ್ಕು ಸೆಲ್‌ಗಳಿವೆ. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವಾಗ ಅದು 8.4ರಿಂದ 8.5 ತೋರಿಸಬೇಕು. ಲೋಡಿನಲ್ಲಿ ಐದು ಬ್ಯಾಟರಿಗಳು 7.7ರ ಆಸುಪಾಸಿನಲ್ಲಿ ನಿಂತು ಒಂದು ಮಾತ್ರ 6ಕ್ಕೆ ಜಾರಿದರೆ ಆರನ್ನೂ ಬದಲಿಸಿ ಎಂಬ ಸಲಹೆಗೆ ಅರ್ಥವಿಲ್ಲ.

ಇನ್ನೊಂದು ವಿಷಯ, ಏಕೆಂದರೆ ಇದರಲ್ಲಿ ಕಾಂಟ್ಯಾಕ್ಟರಿಗೆ ಅನ್ಯಾಯವಾಗಿ ತಪ್ಪು ಹೊರಿಸುವುದನ್ನು ಬಹಳ ನೋಡಿದ್ದೇನೆ. ಅನೇಕ ಗಾಡಿಗಳಲ್ಲಿ ಕಾಂಟ್ಯಾಕ್ಟರಿನ ಎರಡು ದಪ್ಪ ಬೋಲ್ಟುಗಳ ನಡುವೆ ಕೆಲವು ನೂರು ಓಮ್‌ನ ರೆಸಿಸ್ಟರ್ ಒಂದನ್ನು ಸೇರಿಸಿರುತ್ತಾರೆ. ಕಂಟ್ರೋಲರಿನೊಳಗಿನ ಕೆಪಾಸಿಟರ್‌ಗಳನ್ನು ಮೆಲ್ಲಗೆ ತುಂಬಿಸಿ, ಕಾಂಟ್ಯಾಕ್ಟರ್ ಕೂಡುವಾಗ ದೊಡ್ಡ ಕಿಡಿ ಹಾರದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಇರುವುದರಿಂದ ಕಾಂಟ್ಯಾಕ್ಟರ್ ತೆರೆದೇ ಇದ್ದರೂ ಕಂಟ್ರೋಲರಿನ ಕಡೆ ಮೀಟರು ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಅದನ್ನು ನೋಡಿ ಕಾಂಟ್ಯಾಕ್ಟರ್ ಅಂಟಿಕೊಂಡಿದೆ ಎಂದು ತೀರ್ಮಾನಿಸಬಾರದು. ಬ್ಯಾಟರಿ ಬಿಚ್ಚಿದ ಮೇಲೂ ಆ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆಯಾದ್ದರಿಂದ ಕೈ ಹಾಕುವ ಮುನ್ನ ಒಂದು ಬಲ್ಬಿನ ಮೂಲಕ ಅದನ್ನು ಖಾಲಿ ಮಾಡಿಕೊಳ್ಳಿ.

ಮಡಗಾಂವದಿಂದ, ರೆಸಾರ್ಟಿನ ಬ್ಯಾಟರಿ ಬಗ್ಗಿಗಳನ್ನು ನೋಡಿಕೊಳ್ಳುವ ಎಲೆಕ್ಟ್ರಿಶಿಯನ್

ಚಾಕಣದವರು ಬಿಟ್ಟ ಸಣ್ಣ ತಂತಿಯ ದಾರಿಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಗೋವಾದ ಕರಾವಳಿಯಲ್ಲಿ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಸೇರಿ ನಮಗೆ ಹೆಚ್ಚಿನ ಕೆಲಸ ಕೊಡುವುದು ಇದೇ ದಾರಿ. ನಿಮ್ಮ ಮುಳಶಿಯಲ್ಲಿ ಉಪ್ಪಿಲ್ಲದಿದ್ದರೂ ಮಳೆಗೇನೂ ಕೊರತೆಯಿಲ್ಲ. ಬೆಳಿಗ್ಗೆ ಮಾತ್ರ ಟಕ್ ಶಬ್ದ ಬಾರದೆ ಬಿಸಿಲೇರಿದ ಮೇಲೆ ಸರಿಹೋಗುತ್ತಿದ್ದರೆ ತೇವ ಹೀರಿದ ಕನೆಕ್ಟರನ್ನೋ ಸ್ವಿಚ್ಚನ್ನೋ ಮೊದಲು ಹಿಡಿಯಬೇಕು.

ಕಾಂಟ್ಯಾಕ್ಟರಿನ ಕಾಯಿಲ್‌ಗೆ (ಅದರೊಳಗಿನ ವಿದ್ಯುತ್ಕಾಂತದ ಸುರುಳಿಗೆ) ಕರೆಂಟು ಸೇರುವುದಕ್ಕೆ ಮೊದಲು ಸಾಮಾನ್ಯವಾಗಿ ಕೀ ಸ್ವಿಚ್, ಸೀಟಿನ ಕೆಳಗಿನ ಸ್ವಿಚ್, ಬ್ರೇಕ್ ಪೆಡಲಿನ ಸ್ವಿಚ್, ಬ್ಲೇಡಿನ ಸ್ವಿಚ್ ಇವೆಲ್ಲವನ್ನೂ ಸಾಲಾಗಿ ದಾಟಬೇಕು. ಕೆಲವು ಗಾಡಿಗಳಲ್ಲಿ ಚಾರ್ಜರಿನ ಪ್ಲಗ್ ಚುಚ್ಚಿದ್ದಾಗಲೂ ಈ ದಾರಿ ಕಡಿದಿರುತ್ತದೆ. ಹುಡುಕಾಟವನ್ನು ಕಾಯಿಲ್‌ನಿಂದ ಹಿಂದಕ್ಕೆ ಮಾಡುವುದು ಅನುಕೂಲ. ಕೀ ತಿರುಗಿಸಿದಾಗ ಕಾಯಿಲ್‌ನ ಎರಡು ತುದಿಗಳಲ್ಲಿ ಪೂರ್ತಿ ವೋಲ್ಟೇಜ್ ಇದ್ದೂ ಶಬ್ದ ಬಾರದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ಒಳಗಿನ ಕಬ್ಬಿಣ ಸಿಕ್ಕಿಕೊಂಡಿದೆ. ವೋಲ್ಟೇಜ್ ಇಲ್ಲದಿದ್ದರೆ ಒಂದೊಂದು ಸ್ವಿಚ್ ಹಿಂದೆ ಹೋಗುತ್ತಾ ಎಲ್ಲಿ ಮತ್ತೆ ಕಾಣಿಸುತ್ತದೆಂದು ನೋಡಿ.

ಇಲ್ಲಿ ಮೀಟರನ್ನು ಪೂರ್ತಿ ನಂಬಬಾರದು. ಡಿಜಿಟಲ್ ಮಲ್ಟಿಮೀಟರ್ ಎಳೆಯುವ ಕರೆಂಟು ಅತ್ಯಲ್ಪವಾದ್ದರಿಂದ, ಕಾಯಿಲ್ ಬಿಚ್ಚಿ ಅಳೆದಾಗ ಹಸಿರು ಕಿಲುಬು ತುಂಬಿದ ಕನೆಕ್ಟರಿನ ಆಚೆಯೂ ಅದು 48 ವೋಲ್ಟ್ ತೋರಿಸುತ್ತದೆ. ಕಾಯಿಲ್ ಸೇರಿಸಿದ ಕೂಡಲೇ ಆ ವೋಲ್ಟೇಜ್ ಮಾಯವಾಗುತ್ತದೆ. ಲಾರಿಗೆ ಹಾಕುವ 24 ವೋಲ್ಟ್, 21 ವ್ಯಾಟಿನ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಅದು ಸುಮಾರು 0.9 ಆಂಪಿಯರ್ ಎಳೆಯುತ್ತದೆ. ಕನೆಕ್ಟರ್ ಆರೋಗ್ಯವಾಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಕಿಲುಬಿದ್ದರೆ ಮಂಕಾಗುತ್ತದೆ. ತಂತಿಗಳ ಹೊರ ಪದರ ಚೆನ್ನಾಗಿ ಕಂಡರೂ ಕೈಯಿಂದ ಬಗ್ಗಿಸಿ ನೋಡಿ. ಒಳಗೆ ಮೆತ್ತಗೆ ಅಥವಾ ಪುಡಿಪುಡಿಯಾಗಿ ಸಿಕ್ಕರೆ ಆಸಿಡ್ ಪದರದಡಿ ಹರಿದು ತಾಮ್ರವನ್ನು ತಿಂದಿದೆ ಎಂದು ತಿಳಿಯಬೇಕು. ಮಳೆಗಾಲದಲ್ಲಿ ಸೀಟಿನ ಕೆಳಗೆ ಸೇರುವ ಇಲಿಗಳ ವಿಷಯವನ್ನು ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಪರೀಕ್ಷೆಗೆಂದು ಸೀಟ್ ಸ್ವಿಚ್ಚನ್ನು ನೇರ ಜೋಡಿಸುವುದಿದ್ದರೆ ಹಿಂದಿನ ಗಾಲಿಗಳನ್ನು ಮರದ ತುಂಡುಗಳ ಮೇಲೆ ಎತ್ತಿ ನಿಲ್ಲಿಸಿ, ಬ್ಲೇಡಿನ ಮೋಟಾರಿನ ತಂತಿ ಬಿಚ್ಚಿಟ್ಟು ಮಾಡಿ, ಮುಗಿದ ಮೇಲೆ ತೆಗೆದುಬಿಡಿ. ಸವಾರ ಕೆಳಗೆ ಬಿದ್ದರೆ ಬ್ಲೇಡ್ ನಿಲ್ಲಬೇಕೆಂದೇ ಆ ಸ್ವಿಚ್ ಇರುವುದು. ಏರುತಗ್ಗಿನಲ್ಲಿ ಕುಲುಕಿದಾಗ ಗಾಡಿ ಕ್ಷಣಕಾಲ ಕಡಿದುಹೋಗುತ್ತದೆಂದು ಅದನ್ನು ಕಾಯಂ ಆಗಿ ಕಟ್ಟಿಹಾಕಿದ ಗಾಡಿಗಳು ನಮ್ಮ ಕೈಗೂ ಬಂದಿವೆ. ಅಂಥವನ್ನು ಸರಿಪಡಿಸದೆ ನಾವು ಹೊರಗೆ ಬಿಡುವುದಿಲ್ಲ.

ಮುಂಬಯಿಯಿಂದ, ಕುರ್ಲಾ ಕಾರ್ ಶೆಡ್‌ನಲ್ಲಿ ದುಡಿದು ನಿವೃತ್ತರಾದವರು

ಮುಂಬಯಿಯ ಲೋಕಲ್ ರೈಲುಗಳು 1925ರಿಂದ 1500 ವೋಲ್ಟ್ ಡಿಸಿಯಲ್ಲಿ ಓಡಿ, 2016ರ ಏಪ್ರಿಲ್‌ನಲ್ಲಿ ಹಾರ್ಬರ್ ಮಾರ್ಗದ ಬದಲಾವಣೆಯೊಂದಿಗೆ ಪೂರ್ತಿಯಾಗಿ 25,000 ವೋಲ್ಟ್ ಎಸಿಗೆ ಬಂದವು. ಹಳೆಯ ಡಿಸಿ ಗಾಡಿಗಳಲ್ಲಿ ಎಲೆಕ್ಟ್ರಾನಿಕ್ ಕಂಟ್ರೋಲರ್ ಇರಲಿಲ್ಲ. ಕಾಂಟ್ಯಾಕ್ಟರುಗಳು ಒಂದರ ಹಿಂದೊಂದು ಕೂಡುತ್ತಾ ರೆಸಿಸ್ಟರುಗಳನ್ನು ಕಳಚಿ ವೇಗ ಕೊಡುತ್ತಿದ್ದವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1969ರಿಂದ 1975ರವರೆಗೆ ತಯಾರಿಸಿದ ಎಲೆಕ್-ಟ್ರಾಕ್ ಎಂಬ ಗಾರ್ಡನ್ ಟ್ರ್ಯಾಕ್ಟರೂ ಅದೇ ಜಾತಿಯದು. 6 ವೋಲ್ಟಿನ ಆರು ಬ್ಯಾಟರಿ, ಒಟ್ಟು 36 ವೋಲ್ಟ್, ವೇಗಕ್ಕೆ ಕಾಂಟ್ಯಾಕ್ಟರು ಮತ್ತು ರೆಸಿಸ್ಟರು. ಅವುಗಳಲ್ಲಿ ಕೆಲವು ಈಗಲೂ ಓಡುತ್ತಿವೆ. ಕಿವಿಯಿಂದಲೇ ಅರ್ಧ ದೋಷ ಹಿಡಿಯಬಹುದಾದ ಅಂಥ ಯಂತ್ರಗಳ ಬಗ್ಗೆ ನನಗೆ ಪಕ್ಷಪಾತವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೋಟಾರಿನ ಕಡೆ ಯಾರೂ ನೋಡಿಲ್ಲವಾದ್ದರಿಂದ ಒಂದೆರಡು ಮಾತು. ಬ್ಯಾಟರಿ ಬಿಚ್ಚಿ, ಬ್ರಷ್‌ಗಳ ಮೇಲಿನ ಮುಚ್ಚಳ ತೆಗೆದು, ಪ್ರತಿಯೊಂದು ಬ್ರಷ್ಷನ್ನೂ ಅದರ ತಂತಿ ಹಿಡಿದು ಮೆಲ್ಲಗೆ ಎತ್ತಿ ಬಿಡಿ. ಸ್ಪ್ರಿಂಗಿನ ಒತ್ತಡಕ್ಕೆ ಅದು ಸಲೀಸಾಗಿ ಜಾರಿ, ಮೋಟಾರಿನ ತಿರುಗುವ ಭಾಗದ ತಾಮ್ರದ ಪಟ್ಟಿಗಳ ಉರುಳೆಯಾದ ಕಮ್ಯುಟೇಟರಿನ ಮೇಲೆ ಕೂರಬೇಕು. ಇಂಗಾಲದ ಪುಡಿಯೂ ಹುಲ್ಲಿನ ಧೂಳೂ ಸೇರಿ ಅದು ಗೂಡಿನಲ್ಲೇ ಸಿಕ್ಕಿಕೊಂಡಿದ್ದರೆ, ಹಗುರ ಲೋಡಿನಲ್ಲಿ ಮೋಟಾರು ತಿರುಗಿ ಏರಿನಲ್ಲಿ ಸೋಲುತ್ತದೆ. ಕಮ್ಯುಟೇಟರ್ ತೆಳುವಾದ ಕಂದು ಬಣ್ಣದಲ್ಲಿ ಸಮನಾಗಿ ಹೊಳೆಯುತ್ತಿದ್ದರೆ ಅದನ್ನು ಮುಟ್ಟಬೇಡಿ. ಆ ಪದರವನ್ನು ಉಜ್ಜಿ ತಾಮ್ರದ ಬಣ್ಣ ಬರಿಸುವ ಉತ್ಸಾಹ ಬ್ರಷ್ಷಿಗೆ ಹಾನಿ. ಕೆಲವು ಪಟ್ಟಿಗಳು ಮಾತ್ರ ಕಪ್ಪಗೆ ಸುಟ್ಟಿದ್ದರೆ ಆರ್ಮೇಚರಿನ (ತಿರುಗುವ ಭಾಗದ) ವೈಂಡಿಂಗ್ ಸಂಶಯಾಸ್ಪದ.

ಬ್ಯಾಟರಿ ಸಾಲಿನ ಎರಡು ತುದಿಗಳಲ್ಲಿ ಒಂದೊಂದಕ್ಕೂ ಗಾಡಿಯ ಚಾಸಿಗೂ ನಡುವೆ ಆ ಟೆಸ್ಟ್ ಲ್ಯಾಂಪನ್ನೇ ಹಿಡಿದು ನೋಡಿ. ಇಂಥ ಗಾಡಿಗಳಲ್ಲಿ ಮುಖ್ಯ ಬ್ಯಾಟರಿಯನ್ನು ಸಾಮಾನ್ಯವಾಗಿ ಚಾಸಿಗೆ ಜೋಡಿಸಿರುವುದಿಲ್ಲ. ಬಲ್ಬು ಕೆಂಪಗಾದರೂ ಸರಿ, ಎಲ್ಲೋ ತಂತಿ ಉಜ್ಜಿಕೊಂಡಿದೆ ಎಂದರ್ಥ. ಬಲ್ಬು ಉರಿಯದೆ ಮೀಟರಿನಲ್ಲಿ ಮಾತ್ರ ವೋಲ್ಟೇಜ್ ಕಂಡರೆ ಬ್ಯಾಟರಿ ತಟ್ಟೆಯ ಆಸಿಡ್ ಪಸೆಯ ಸೋರಿಕೆ. ಅಡುಗೆ ಸೋಡಾ ಕದಡಿದ ನೀರಿನಿಂದ ಅದನ್ನು ತೊಳೆಯಬಹುದು, ಸೆಲ್ಲಿನ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗೆ ಹೋಗಬಾರದು.

ಸಾಸವಡದಿಂದ, ಸಸಿಗಳ ನರ್ಸರಿ ನಡೆಸುವವರು

ಚಾರ್ಜಿಂಗ್ ಕಡೆಗೂ ಗಮನ ಕೊಡಿ. ನಮ್ಮ ಕಡೆ ರಾತ್ರಿ ಸಪ್ಲೈ ವೋಲ್ಟೇಜ್ ಇಳಿದಾಗ ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ಚಾರ್ಜರ್ ಬೆಳಗಿನವರೆಗೆ ಗುಂಯ್ ಎನ್ನುತ್ತಿದ್ದರೂ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ಶೆಡ್ಡಿಗೆ ಎಳೆದ ಉದ್ದನೆಯ ತೆಳು ವೈರು ಅದಕ್ಕೆ ಮತ್ತಷ್ಟು ಸೇರಿಸುತ್ತದೆ. ಚಾರ್ಜಿಂಗಿನ ಕೊನೆಯ ಹಂತದಲ್ಲಿ 48 ವೋಲ್ಟಿನ ಸಾಲು 57.6ರಿಂದ 58.8ರವರೆಗೆ ಏರುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಿ. ಆಮೇಲೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಇಪ್ಪತ್ತನಾಲ್ಕೂ ಸೆಲ್‌ಗಳನ್ನು ಅಳೆದು ಪುಸ್ತಕದಲ್ಲಿ ಬರೆದಿಡಿ. ಅಂಕೆ 1.265 ಬಂತೋ 1.240 ಬಂತೋ ಎಂಬುದು ಬ್ಯಾಟರಿಯ ಮಾದರಿಯ ಮೇಲೆ ಹೋಗುತ್ತದೆ. ಸೆಲ್‌ನಿಂದ ಸೆಲ್‌ಗೆ 0.030ಕ್ಕಿಂತ ಹೆಚ್ಚು ವ್ಯತ್ಯಾಸವಿದೆಯೇ ಎಂಬುದೇ ಮುಖ್ಯ. ಡಿಸ್ಟಿಲ್ಡ್ ವಾಟರ್ ಹಾಕುವುದಿದ್ದರೆ ಚಾರ್ಜ್ ಆದ ಮೇಲೆ ಹಾಕಿ, ಸೆಲ್ಲಿನೊಳಗಿನ ಸೀಸದ ಫಲಕಗಳು ಬರಿದಾಗಿ ಕಂಡರೆ ಮಾತ್ರ ಮುಳುಗುವಷ್ಟು ಮೊದಲೇ ಹಾಕಿ. ಹಾಕಿದ ಕೂಡಲೇ ಹೈಡ್ರೋಮೀಟರ್ ಅಳತೆ ತೆಗೆಯಬೇಡಿ.

ಕಂಟ್ರೋಲರಿನ ಬೆನ್ನಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹುಲ್ಲಿನ ಹೊಟ್ಟು ತುಂಬಿದೆಯೇ ಎಂದೂ ನೋಡಿ. ನಮ್ಮ ಗಾಡಿ ಬೇಸಿಗೆಯಲ್ಲಿ ನಿಲ್ಲುತ್ತಿದ್ದುದಕ್ಕೆ ಅದಕ್ಕಿಂತ ಬೇರೆ ಕಾರಣವಿರಲಿಲ್ಲ, ಹಳೆಯ ಪೇಂಟ್ ಬ್ರಷ್ಷಿನಿಂದ ಕೆಡವಿದ ಮೇಲೆ ಸರಿಹೋಯಿತು.

ಮುಳಶಿಯಿಂದ, ಅಳತೆಗಳೊಂದಿಗೆ

ಎಲ್ಲರಿಗೂ ಕೃತಜ್ಞತೆಗಳು. ಪರಿಚಯದವರಿಂದ, ತಂತಿ ಬಿಚ್ಚದೆಯೇ ಕರೆಂಟು ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ತಂದು ಅದೇ ಏರಿನಲ್ಲಿ ಅಳೆದೆವು. ನಿಲ್ಲುವ ಹೊತ್ತಿಗೆ ಕರೆಂಟು ಸುಮಾರು 100 ಆಂಪಿಯರ್ ಇತ್ತು. ಬ್ಯಾಟರಿ ಸಾಲಿನಲ್ಲಿ 45.9, ಕಂಟ್ರೋಲರಿನಲ್ಲಿ 42.1. ಕಂಟ್ರೋಲರಿನ ಮೇಲಿನ ಚೀಟಿಯಲ್ಲಿ ಕನಿಷ್ಠ ವೋಲ್ಟೇಜ್ 42 ಎಂದೇ ಅಚ್ಚಾಗಿದೆ. ನಡುವೆ ಕಳೆದುಹೋದ 3.8 ವೋಲ್ಟಿನಲ್ಲಿ ಫ್ಯೂಸ್ ಹೋಲ್ಡರಿನ ಎರಡು ತುದಿಗಳ ನಡುವೆ 2.6, ಕಾಂಟ್ಯಾಕ್ಟರಿನಲ್ಲಿ 0.9 ಸಿಕ್ಕಿತು, ಉಳಿದದ್ದು ತಂತಿಗಳಲ್ಲಿ. ಹೋಲ್ಡರಿನ ಪ್ಲಾಸ್ಟಿಕ್ ಒಂದು ಬದಿ ಕಂದಾಗಿ ಉಬ್ಬಿದೆ. ಅದು ಬ್ಯಾಟರಿ ಪೆಟ್ಟಿಗೆಯ ಹಿಂಭಾಗದಲ್ಲಿರುವುದರಿಂದ ಮೇಲಿನಿಂದ ಕಾಣುವುದಿಲ್ಲ. ಬ್ಯಾಟರಿಗಳಲ್ಲಿ ಐದು 7.8ರ ಹತ್ತಿರವಿದ್ದು ನಾಲ್ಕನೆಯದು 7.1ಕ್ಕೆ ಇಳಿಯುತ್ತಿದೆ. ಬೆಳಿಗ್ಗೆ ಶಬ್ದ ಬಾರದಿದ್ದಾಗ ಲಾರಿ ಬಲ್ಬು ಹಿಡಿದು ನೋಡಿದರೆ ಸೀಟ್ ಸ್ವಿಚ್ಚಿನ ಕನೆಕ್ಟರಿನ ಈಚೆ ಪೂರ್ತಿ ಬೆಳಕು, ಆಚೆ ಮಂಕು. ಬಿಚ್ಚಿದಾಗ ಒಳಗೆ ಮಡಗಾಂವದವರು ಹೇಳಿದ ಹಸಿರು ಕಿಲುಬೇ ಇತ್ತು. ಬ್ರಷ್‌ಗಳು ಸಲೀಸಾಗಿ ಜಾರುತ್ತಿವೆ.

ಚಾಕಣದಿಂದ ಮತ್ತೆ

ಇಷ್ಟು ಸ್ಪಷ್ಟವಾದ ಅಳತೆ ಸಿಕ್ಕಮೇಲೆ ಊಹೆಗೆ ಜಾಗವಿಲ್ಲ. 100 ಆಂಪಿಯರಿನಲ್ಲಿ 2.6 ವೋಲ್ಟ್ ಎಂದರೆ ಆ ಹೋಲ್ಡರಿನಲ್ಲಿ 260 ವ್ಯಾಟ್ ಉರಿಯುತ್ತಿದೆ; ಬೆಂಕಿ ಹೊತ್ತಿಕೊಳ್ಳದಿರುವುದು ನಿಮ್ಮ ಅದೃಷ್ಟ, ಅದನ್ನು ಬದಲಿಸುವವರೆಗೆ ಗಾಡಿ ಹೊರಡಿಸಬೇಡಿ. ಕಂಟ್ರೋಲರ್ ಕೆಟ್ಟಿಲ್ಲ, ವೋಲ್ಟೇಜ್ ಕಡಿಮೆ ಬಂದಾಗ ತನ್ನ ಕೆಲಸವನ್ನು ತಾನು ಮಾಡಿದೆ.

ಹೋಲ್ಡರ್, ಫ್ಯೂಸ್, ಅದಕ್ಕೆ ಬಂದು ಹೋಗುವ ಎರಡು ಲಗ್‌ಗಳು ಎಲ್ಲವನ್ನೂ ಹೊಸದಾಗಿ ಹಾಕಿ. ಬಿಸಿಯಾಗಿ ಕಪ್ಪಾದ ತಾಮ್ರಕ್ಕೆ ಹೊಸ ಲಗ್ ಕ್ರಿಂಪ್ ಮಾಡಿದರೆ (ಒತ್ತಿ ಕೂರಿಸಿದರೆ) ಹಿಡಿಯುವುದಿಲ್ಲ, ಹೊಳೆಯುವ ತಾಮ್ರ ಸಿಗುವವರೆಗೆ ತಂತಿಯನ್ನು ಕತ್ತರಿಸಿಕೊಳ್ಳಿ. ಗಿಡ್ಡವಾದರೆ ತಂತಿಯನ್ನೇ ಬದಲಿಸಿ. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ ಲಗ್ ಒಪ್ಪಬೇಡಿ, ಹೈಡ್ರಾಲಿಕ್ ಕ್ರಿಂಪರ್ ಇರುವವರ ಬಳಿ ಮಾಡಿಸಿ. ಪುಣೆಯ ಬುಧವಾರ ಪೇಠೆಯ ತಾಪಕೀರ ಗಲ್ಲಿಯಲ್ಲಿ ಲಗ್, ತಂತಿ, ಫ್ಯೂಸುಗಳಿಗಾಗಿ ವಿಚಾರಿಸಿ. ಕಾಂಟ್ಯಾಕ್ಟರಿನ 0.9 ವೋಲ್ಟೂ ಕಡಿಮೆಯೇನಲ್ಲ. ಬಿಚ್ಚಿ ನೋಡಬಹುದಾದ ಮಾದರಿಯಾದರೆ ಒಳಗಿನ ಬೆಳ್ಳಿಯ ತುದಿಗಳು ಬರೀ ಕಪ್ಪಾಗಿವೆಯೋ ಗುಳಿ ಬಿದ್ದಿವೆಯೋ ನೋಡಿ. ಕಪ್ಪು ಬಣ್ಣಕ್ಕೆ ಉಜ್ಜುವ ಅಗತ್ಯವಿಲ್ಲ, ಆದ್ದರಿಂದ ಮೊದಲು ಹೊರಗಿನ ಬೋಲ್ಟುಗಳನ್ನು ಬಿಗಿಮಾಡಿ ಮತ್ತೆ ಅಳೆಯಿರಿ. ಗುಳಿ ಬಿದ್ದಿದ್ದರೆ ಬದಲಿಸಿ.

ನಾಲ್ಕನೆಯ ಬ್ಯಾಟರಿಯ ವಿಷಯದಲ್ಲಿ ಆತುರ ಬೇಡ. ಅದನ್ನು ಸಾಲಿನಿಂದ ಬೇರೆ ಮಾಡಿ 8 ವೋಲ್ಟಿಗೆ ಸರಿಯಾದ ಚಾರ್ಜರಿನಿಂದ ಒಂಟಿಯಾಗಿ ಪೂರ್ತಿ ಚಾರ್ಜ್ ಮಾಡಿ, ಸಾಸವಡದವರು ಹೇಳಿದಂತೆ ಸೆಲ್‌ಗಳನ್ನು ಅಳೆಯಿರಿ. ನಾಲ್ಕು ಸೆಲ್‌ಗಳೂ ಒಟ್ಟಿಗೆ ಏರಿದರೆ ಅದು ಕೇವಲ ಹಿಂದೆ ಬಿದ್ದಿತ್ತು. ಒಂದು ಸೆಲ್ ಮಾತ್ರ ಏರದಿದ್ದರೆ ಬ್ಯಾಟರಿ ಹೋಗಿದೆ. ಆಗಲೂ ಹಳೆಯ ಐದರ ನಡುವೆ ಹೊಚ್ಚ ಹೊಸದನ್ನು ಹಾಕುವುದಕ್ಕಿಂತ ಅದೇ ವಯಸ್ಸಿನ, ಪರೀಕ್ಷೆ ಮಾಡಿದ ಇನ್ನೊಂದನ್ನು ಹುಡುಕುವುದು ಮೇಲು ಎಂದು ನನ್ನ ಅಭಿಪ್ರಾಯ. ಅಂಗಡಿಯವರು ಇದನ್ನು ಒಪ್ಪುವುದಿಲ್ಲ.

ಸೀಟ್ ಸ್ವಿಚ್ಚಿಗೆ ನೀರು ಹೋಗದಂಥ ಕನೆಕ್ಟರ್ ಹಾಕಿ. ಎಲ್ಲ ಮುಗಿದ ಮೇಲೆ ಅದೇ ಏರಿನಲ್ಲಿ ಮತ್ತೆ ಅಳೆದಾಗ ಬ್ಯಾಟರಿಗೂ ಕಂಟ್ರೋಲರಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆಯಬಾರದು. ಫ್ಯೂಸ್ ಕೊಳ್ಳುವಾಗ ಹಳೆಯದರ ಆಂಪಿಯರನ್ನೇ ಕೇಳಿ, ಜೊತೆಗೆ ಅದರ ಮೇಲೆ ಡಿಸಿ ವೋಲ್ಟೇಜ್ ಅಚ್ಚಾಗಿದೆಯೇ ಎಂದು ಓದಿ ನೋಡಿ. ಡಿಸಿಯಲ್ಲಿ ಹುಟ್ಟಿದ ಕಿಡಿ ಎಸಿಯಲ್ಲಿನಂತೆ ತಾನಾಗಿ ಸೊನ್ನೆಗೆ ಬಂದು ಆರುವುದಿಲ್ಲ. ಚಾರ್ಜಿಂಗಿನಲ್ಲಿ ನಿಮ್ಮ ಸಾಲು 59 ವೋಲ್ಟಿನ ಹತ್ತಿರ ಹೋಗುತ್ತದೆಯಾದ್ದರಿಂದ ಫ್ಯೂಸಿನ ಡಿಸಿ ಅಂಕೆ ಅದಕ್ಕಿಂತ ಮೇಲಿರಬೇಕು. ಕಾರಿಗೆಂದು ಮಾರುವ 32 ವೋಲ್ಟಿನದು ಅಗ್ಗವೆಂದು ಕೊಟ್ಟರೆ ತೆಗೆದುಕೊಳ್ಳಬೇಡಿ.